ಕುದುರೆ ಲಾಯ: ಮೇವು, ಗಾಳಿ, ಗೊರಸು

ಬಯಲಿನಲ್ಲಿ ಬಿಟ್ಟ ಕುದುರೆ ದಿನಕ್ಕೆ 16 ಗಂಟೆಯವರೆಗೂ ಮೇಯುತ್ತದೆ. ನಾಲ್ಕು ಬಾಯಿ ಹುಲ್ಲು, ಎರಡು ಹೆಜ್ಜೆ, ಮತ್ತೆ ನಾಲ್ಕು ಬಾಯಿ. ಅಷ್ಟು ದೊಡ್ಡ ಮೈಯೊಳಗೆ ಇರುವ ಜಠರ ಮಾತ್ರ ಚಿಕ್ಕದು. ಹೆಚ್ಚೆಂದರೆ 15 ಲೀಟರು ಹಿಡಿದೀತು. ದನದಂತೆ ಅದು ಮೆಲುಕು ಹಾಕುವುದಿಲ್ಲ. ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳು ಕರುಳಿನ ಹಿಂಭಾಗದಲ್ಲಿವೆ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ಇಂಥ ಪ್ರಾಣಿಯನ್ನು ನಾಲ್ಕು ಗೋಡೆಯ ನಡುವೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಎರಡು ಮೂರು ಸಲ ಮೇವು ಹಾಕುವ ಏರ್ಪಾಟಿಗೆ ಲಾಯ ಎಂದು ಹೆಸರು. ಕುದುರೆಯ ಕಾಯಿಲೆಗಳಲ್ಲಿ ಬಹುಪಾಲು ಹುಟ್ಟುವುದು ಬಯಲಿಗೂ ಲಾಯಕ್ಕೂ ನಡುವಿನ ಅಂತರದಲ್ಲೇ. ಆ ಅಂತರವನ್ನು ಕಡಿಮೆ ಮಾಡುವುದೇ ಕುದುರೆ ನೋಡಿಕೊಳ್ಳುವ ಸಯೀಸನ ಕಸುಬು.

ದಕ್ಷಿಣ ಭಾರತ ಈ ಕಸುಬನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಗೆ ಬಂದ ಮಾರ್ಕೋ ಪೋಲೋ, ಅರಬ್ ದೇಶಗಳಿಂದ ಹಡಗಿನಲ್ಲಿ ಬಂದಿಳಿದ ಕುದುರೆಗಳು ಬೇಗನೆ ಸಾಯುತ್ತಿದ್ದುದನ್ನು ದಾಖಲಿಸಿದ್ದಾನೆ. ಅವಕ್ಕೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರಂತೆ; ಆರೈಕೆ ಬಲ್ಲವರು ಇರಲಿಲ್ಲವಂತೆ. ಸತ್ತಷ್ಟೂ ವರ್ತಕರಿಗೆ ವ್ಯಾಪಾರ. ಮುಂದೆ ವಿಜಯನಗರದ ಅರಸರೂ ಭಟ್ಕಳ, ಗೋವೆಯ ಬಂದರುಗಳ ಮೂಲಕ ಅರಬ್ಬೀ, ಪಾರಸಿ ಕುದುರೆಗಳನ್ನು ತರಿಸಿಕೊಂಡರು. 1400ರ ಸುಮಾರಿಗೆ ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ವನ್ನು ಬರೆದ. ಪರದೇಶದಿಂದ ಬಂದ ಪ್ರಾಣಿಯನ್ನು ಇಲ್ಲಿನ ನೀರು, ಮೇವಿನಲ್ಲಿ ಉಳಿಸಿಕೊಳ್ಳುವ ಚಿಂತೆ ಆ ಕಾಲದ್ದು. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಸೈನ್ಯದ ಕಾಲದಿಂದ ಹೆಸರಾದದ್ದು. ಮುಂದೆ ಅದು ರೇಸಿನ ಥರೋಬ್ರೆಡ್ ತಳಿಯ ನೆಲೆಯಾಯಿತು.

ಮೇವಿನ ಲೆಕ್ಕ ಸರಳ, ಪಾಲಿಸುವುದು ಕಷ್ಟ. 450 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕೆ.ಜಿ. ಒಣಹುಲ್ಲು ಬೇಕು, ಅಂದರೆ ಮೈತೂಕದ ಶೇ 1.5ರಿಂದ 2ರಷ್ಟು. ಓಟ್ಸ್, ಬಾರ್ಲಿ, ಹುರುಳಿ ಇವೆಲ್ಲ ದುಡಿಮೆಗೆ ತಕ್ಕಂತೆ ಕೊಡುವ ಮೇಲೋಗರ ಮಾತ್ರ. ಒಂದೇ ಹೊತ್ತಿಗೆ ಎರಡು ಕೆ.ಜಿ.ಗಿಂತ ಹೆಚ್ಚು ಕಾಳು ಹಾಕಿದರೆ ಅರಗದ ಪಿಷ್ಟ ಹಿಂಗರುಳಿಗೆ ಜಾರಿ, ಅಲ್ಲಿ ಹುಳಿತು, ಆಮ್ಲವಾಗುತ್ತದೆ. ಮುಂದೆ ಕಾಣಿಸುವುದು ಹೊಟ್ಟೆಶೂಲೆ, ಇಲ್ಲವೇ ಗೊರಸಿನೊಳಗಿನ ಪದರಗಳು ಊದಿಕೊಳ್ಳುವ ಲ್ಯಾಮಿನೈಟಿಸ್. ಅತಿಯಾಗಿ ಉಣಿಸಿದ ಪ್ರೀತಿ ಕುದುರೆಯ ಕಾಲಿಗೆ ಬರುತ್ತದೆ! ಹುರುಳಿಯನ್ನು ನೆನೆಸಿ ಬೇಯಿಸಿ ಕೊಡುವ ಹಳೆಯ ರೂಢಿಯಲ್ಲಿ ಅರ್ಥವಿದೆ. ಹಸಿ ಕಾಳಿನಲ್ಲಿ ಪ್ರೋಟೀನು ಅರಗದಂತೆ ತಡೆಯುವ ಅಂಶಗಳಿವೆ, ಬೆಂದಾಗ ಅವು ಕುಗ್ಗುತ್ತವೆ. ತೌಡಿನ ವಿಷಯದಲ್ಲಿ ಮಾತ್ರ ರೂಢಿಯನ್ನು ನೆಚ್ಚುವಂತಿಲ್ಲ. ಅದರಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ; ತಿಂಗಳುಗಟ್ಟಲೆ ಅದನ್ನೇ ತಿಂದ ಕುದುರೆಯ ಎಲುಬು ಟೊಳ್ಳಾಗಿ ಮುಖ ಊದಿಕೊಳ್ಳುತ್ತದೆ. ಸುಣ್ಣದ ಕೊರತೆ ತುಂಬಲು ಕುದುರೆ ಮೆಂತ್ಯದ ಸೊಪ್ಪು ಒಳ್ಳೆಯದು. ಯಾವ ಮೇವನ್ನಾದರೂ ಬದಲಿಸುವಾಗ ಒಂದು ವಾರ, ಹತ್ತು ದಿನ ಹಿಡಿದು ನಿಧಾನವಾಗಿ ಬದಲಿಸಬೇಕು. ದನಗಳಿಗೆಂದು ಮಾಡಿದ ಪಶು ಆಹಾರವನ್ನು ಹಾಕಲೇಬಾರದು. ಅದರಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿದ್ದರೆ ಅಲ್ಪ ಪ್ರಮಾಣವೂ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು. ನೀರು ದಿನಕ್ಕೆ 25ರಿಂದ 50 ಲೀಟರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೆವರಿನಲ್ಲಿ ಉಪ್ಪು ಹೋಗುವುದರಿಂದ ಗೋದಲಿಯಲ್ಲಿ ಉಪ್ಪಿನ ಗಟ್ಟಿ ಇರಲೇಬೇಕು.

ಹೊಟ್ಟೆಶೂಲೆಯನ್ನು ಗುರುತಿಸಲು ತಿಳಿದವರಿಗೆ ಕಣ್ಣೇ ಸಾಕು. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಮಲಗಿ ಹೊರಳುತ್ತದೆ, ಲದ್ದಿ ನಿಲ್ಲುತ್ತದೆ. ಆಗ ಗೋದಲಿಯಿಂದ ಮೇವು ತೆಗೆದು ವೈದ್ಯರನ್ನು ಕರೆಸಬೇಕು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನೋವಿನಲ್ಲಿ ನಾಡಿ 60 ದಾಟಿದರೆ ಗಂಡಾಂತರವೆಂದೇ ತಿಳಿಯಬೇಕು.

ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ರೂಢಿಯ ಅಳತೆ. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ಇಕ್ಕಟ್ಟಾದರೆ ಮಲಗುವುದಿಲ್ಲ. ಜಾಗಕ್ಕಿಂತಲೂ ಗಾಳಿ ಮುಖ್ಯ. ಗಂಜಲದ ಅಮೋನಿಯಾ, ಬೂಷ್ಟು ಹಿಡಿದ ಹುಲ್ಲಿನ ದೂಳು ಎರಡೂ ಶ್ವಾಸಕೋಶವನ್ನು ಕೆಡಿಸುತ್ತವೆ. ಮಂಡಿಯೂರಿ, ನೆಲದ ಮಟ್ಟದಲ್ಲಿ ಮೂಗಿಟ್ಟು ಲಾಯವನ್ನು ಪರೀಕ್ಷಿಸುವವನೇ ಒಳ್ಳೆಯ ಮೇಲ್ವಿಚಾರಕ. ಒಂಟಿತನ ಇನ್ನೊಂದು ರೋಗ. ಹಿಂಡಿನ ಪ್ರಾಣಿಯಾದ ಕುದುರೆ ಪಕ್ಕದ ಕುದುರೆಯನ್ನು ಕಾಣದೆ ಸದಾ ನಿಂತಿದ್ದರೆ ಮರ ಕಚ್ಚಿ ಗಾಳಿ ನುಂಗುತ್ತದೆ, ಅಕ್ಕಪಕ್ಕ ತೂಗಾಡುತ್ತದೆ. ಇದನ್ನು ಕೆಟ್ಟ ಚಟವೆಂದು ಬಯ್ಯುವವರೇ ಹೆಚ್ಚು. ಬೇಕಾದದ್ದು ಬಯಲು, ಹುಲ್ಲು ಮತ್ತು ಜೊತೆ.

ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರು ಬೆಳೆಯುತ್ತದೆ. ಹಾಗಾಗಿ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಮೊಳೆ ಹೊರಗಿನ ನಿರ್ಜೀವ ಗೋಡೆಯಲ್ಲಷ್ಟೇ ಹೋಗಬೇಕು. ಕೂದಲೆಳೆಯಷ್ಟು ಒಳಸರಿದರೂ ಕುದುರೆ ಕುಂಟುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತರೆ ಪಾದದ ನಡುವಿನ ಮೆತ್ತನೆಯ ಭಾಗ ಕೊಳೆತು ನಾರುತ್ತದೆ. ದಿನವೂ ಗೊರಸು ಎತ್ತಿ ಕೆರೆದು ನೋಡುವುದೇ ಇದಕ್ಕೆ ಮದ್ದು. ಹಲ್ಲೂ ಜೀವಮಾನದ ಬಹುಕಾಲ ವರ್ಷಕ್ಕೆ 2–3 ಮಿಲಿಮೀಟರು ಮೇಲೇಳುತ್ತಲೇ ಇರುತ್ತದೆ. ಸವೆತ ಸಮನಾಗಿರದೆ ಅಂಚು ಚೂಪಾಗಿ ಕೆನ್ನೆ ಕುಯ್ಯುವುದರಿಂದ ವರ್ಷಕ್ಕೊಮ್ಮೆಯಾದರೂ ಅರ ಹಾಕಿಸಬೇಕು.

ಸೋಂಕುಗಳಲ್ಲಿ ಧನುರ್ವಾಯುವಿಗೆ ಲಸಿಕೆ ತಪ್ಪಿಸುವಂತಿಲ್ಲ; ಸಣ್ಣ ಗಾಯವೂ ಸಾಕು, ಕುದುರೆ ಸೆಟೆದು ಸಾಯಲು. ನೊಣಗಳಿಂದ ಹರಡುವ ಸರ್ರಾ, ಗುಂಪಿನಲ್ಲಿ ಬಹುಬೇಗ ಹಬ್ಬುವ ಇನ್‌ಫ್ಲುಯೆಂಜಾ ಇವೆರಡೂ ಭಾರತಕ್ಕೆ ಹೊಸವಲ್ಲ. ಎಲ್ಲಕ್ಕಿಂತ ಭೀಕರ ಗ್ಲಾಂಡರ್ಸ್. ಮನುಷ್ಯರಿಗೂ ತಗಲುವ ಇದರ ನಿಯಂತ್ರಣಕ್ಕೆ 1899ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. ರೋಗ ದೃಢಪಟ್ಟ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ದಯಾಮರಣ ಕೊಡುತ್ತಾರೆ. ಪರೀಕ್ಷೆಯ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ.

ಮನಸ್ಸಿನ ತಯಾರಿಯೂ ಪಾಲನೆಯ ಭಾಗವೇ. ಮೈಸೂರು ದಸರೆಗೆ ಮುಂಚೆ ಅಶ್ವಾರೋಹಿ ದಳದ ಕುದುರೆಗಳನ್ನೂ ಆನೆಗಳ ಜೊತೆ ನಿಲ್ಲಿಸಿ ಫಿರಂಗಿ ಸದ್ದಿಗೆ ಒಗ್ಗಿಸುತ್ತಾರೆ. ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಕುದುರೆಗಳಿಗೆ ಈ ಭಾಗ್ಯವಿಲ್ಲ. ಪಟಾಕಿ, ಬ್ಯಾಂಡು, ಡಾಂಬರು ರಸ್ತೆ ಎಲ್ಲ ಒಂದೇ ರಾತ್ರಿ ಎದುರಾಗುತ್ತವೆ. ಗಾಯಗೊಂಡ, ಅಶಕ್ತ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಕುದುರೆಯ ಆಯುಷ್ಯ 25ರಿಂದ 30 ವರ್ಷ. ರೇಸು ಮುಗಿಯುವುದು ಹತ್ತರ ಒಳಗೇ. ಉಳಿದ ವರ್ಷಗಳ ಖರ್ಚನ್ನು ಕೊಳ್ಳುವಾಗಲೇ ಲೆಕ್ಕ ಹಾಕುವವರು ಕಡಿಮೆ. ಕೆಲವು ಸವಾರಿ ಶಾಲೆಗೆ ಸೇರುತ್ತವೆ, ಕೆಲವು ಮರಿ ಹಾಕಲು ಫಾರಂಗೆ ಮರಳುತ್ತವೆ, ಉಳಿದವು ಕೈಯಿಂದ ಕೈಗೆ ದಾಟುತ್ತವೆ. ಮುದಿ ಕುದುರೆಯ ಹಲ್ಲು ಸವೆದು ಹುಲ್ಲು ಅಗಿಯಲಾಗದು. ಕತ್ತರಿಸಿ ನೆನೆಸಿದ ಮೇವನ್ನು ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಲಾಳ ಬೇಕಿಲ್ಲ, ಆದರೆ ಗೊರಸು ಕತ್ತರಿಸುವುದನ್ನು ಬಿಡುವಂತಿಲ್ಲ.