ಕಳೆಯುವ ಕೆಲಸಕ್ಕೂ ಬೆಲೆಯಿದೆ

ಸರ್ಕಾರಿ ಸೇವೆಯಿಂದ ನಿವೃತ್ತನಾಗುವ ಮುನ್ನಿನ ತಿಂಗಳಲ್ಲಿ ನಾನು ಅತಿ ಹೆಚ್ಚು ಅಲೆದದ್ದು ಬೇಬಾಕಿ ಪತ್ರಗಳಿಗಾಗಿ. ಗ್ರಂಥಾಲಯದ ಪುಸ್ತಕ, ವಸತಿಗೃಹದ ಬೀಗದ ಕೈ, ಮುಂಗಡದ ಹಣ ಹೀಗೆ ಪಡೆದದ್ದನ್ನೆಲ್ಲ ಮರಳಿಸಿದ್ದೇನೆಂದು ಮೇಜಿನಿಂದ ಮೇಜಿಗೆ ಹೋಗಿ ರುಜುವಾತುಪಡಿಸಬೇಕಿತ್ತು. ಕೊಟ್ಟದ್ದೆಲ್ಲ ಒಂದೇ ವಹಿಯಲ್ಲಿ ದಾಖಲಾಗಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ. ಕಂಪ್ಯೂಟರಿನ ಒಡಲಲ್ಲಿಯೂ ಇಂಥದೇ ತೊಡಕಿತ್ತು, ಅಲ್ಲಿ ಅದಕ್ಕೊಂದು ಪರಿಹಾರವನ್ನೂ ಕಂಡುಕೊಳ್ಳಲಾಯಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಯಂತ್ರವನ್ನು ಆಳುವ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನಲ್ ಎಂದು ಹೆಸರು. ಕೀಲಿಮಣೆ, ಕ್ಯಾಮೆರಾ, ಮುದ್ರಕ ಮುಂತಾದ ಒಂದೊಂದು ಸಾಧನದೊಡನೆಯೂ ಅದರದೇ ಭಾಷೆಯಲ್ಲಿ ವ್ಯವಹರಿಸುವ ಕೆಳಹಂತದ ತಂತ್ರಾಂಶವೇ ಡಿವೈಸ್ ಡ್ರೈವರ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳಿಗೂ ಆಧಾರ. ಅದರಲ್ಲಿರುವ 3 ಕೋಟಿಗೂ ಮಿಕ್ಕಿದ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳಿಗೆ ಸೇರಿದವು.

ದೋಷಗಳೂ ಅಲ್ಲಿಯೇ ಹೆಚ್ಚು. ಡ್ರೈವರ್‌ಗಳಲ್ಲಿನ ದೋಷದ ಪ್ರಮಾಣ ಕರ್ನಲ್‌ನ ಉಳಿದ ಭಾಗಕ್ಕಿಂತ 3ರಿಂದ 7 ಪಟ್ಟಿನವರೆಗೆ ಅಧಿಕವೆಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2001ರಲ್ಲಿಯೇ ತೋರಿಸಿದ್ದರು. ಈ ಹಂತದ ಒಂದು ತಪ್ಪು ಎಷ್ಟು ದುಬಾರಿಯಾದೀತು ಎಂಬುದನ್ನು 2024ರ ಜುಲೈ 19 ಜಗತ್ತಿಗೆ ತಿಳಿಸಿತು. ಅಂದು ವಿಂಡೋಸ್ ಕರ್ನಲ್‌ನೊಳಗೆ ಕೆಲಸ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಡ್ರೈವರ್ ದೋಷಯುಕ್ತ ಕಡತವೊಂದನ್ನು ಓದಿ ಎಡವಿತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ಸ್ಥಗಿತಗೊಂಡವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು.

ಡ್ರೈವರ್‌ಗಳಲ್ಲಿ ತಪ್ಪು ನುಸುಳುವ ಒಂದು ಬಗೆಯನ್ನು ನೋಡೋಣ. ಕೆಲಸ ಆರಂಭಿಸುವಾಗ ಡ್ರೈವರ್ ಕರ್ನಲ್‌ನಿಂದ ಮೆಮೊರಿ, ಗಡಿಯಾರದ ಸಂಕೇತ, ವಿದ್ಯುತ್ ಸಂಪರ್ಕ ಮುಂತಾದವನ್ನು ಒಂದರ ನಂತರ ಒಂದಾಗಿ ಕೇಳಿ ಪಡೆಯುತ್ತದೆ. ನಾಲ್ಕನೆಯದು ಸಿಗದೇಹೋದರೆ, ಮೊದಲು ಪಡೆದ ಮೂರನ್ನೂ ತಿರುಗುಮುರುಗಾದ ಕ್ರಮದಲ್ಲಿ ಹಿಂದಿರುಗಿಸಬೇಕು. ಈ ಮರಳಿಸುವ ಸಾಲುಗಳನ್ನು ಪ್ರತಿಯೊಬ್ಬ ಲೇಖಕನೂ ತಾನೇ ಬರೆಯಬೇಕಿತ್ತು. ಸೋತಾಗ ಮಾತ್ರ ನಡೆಯುವ ಸಾಲುಗಳಾದ್ದರಿಂದ ಅವುಗಳನ್ನು ಪರೀಕ್ಷಿಸುವವರೂ ವಿರಳ. 2007ರಲ್ಲಿ ಲಿನಕ್ಸ್‌ಗೆ ಸೇರಿದ ಒಂದು ವ್ಯವಸ್ಥೆ ಈ ಹೊರೆಯನ್ನು ಇಳಿಸಿತು. ಡ್ರೈವರ್ ಅದರ ಮೂಲಕ ಪಡೆದದ್ದೆಲ್ಲ ಆಯಾ ಸಾಧನದ ಹೆಸರಿನಲ್ಲಿ ದಾಖಲಾಗುತ್ತದೆ. ಆರಂಭದಲ್ಲಿ ಸೋಲಾದರೂ, ಮುಂದೆ ಸಾಧನವನ್ನು ಕಳಚಿದರೂ ಕರ್ನಲ್ ತಾನೇ ಎಲ್ಲವನ್ನೂ ಹಿಮ್ಮುಖ ಕ್ರಮದಲ್ಲಿ ಬಿಡುಗಡೆ ಮಾಡುತ್ತದೆ. ಡ್ರೈವರ್‌ಗಳಿಗೆ ದೊರೆತ ಒಂದೇ ವಹಿ ಇದು.

ಎರಡನೆಯ ನಿದರ್ಶನ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇನ್ನೂ ಹತ್ತಿರದ್ದು. ಮೊಬೈಲ್ ಫೋನುಗಳಲ್ಲಿ ಬಳಕೆಯಾಗುವ ಎಆರ್‌ಎಂ ಮಾದರಿಯ ಚಿಪ್ಪುಗಳಿಗಾಗಿ ಕಂಪನಿಗಳು ತಮ್ಮ ಒಂದೊಂದು ಬೋರ್ಡಿಗೂ ಪ್ರತ್ಯೇಕ ಕೋಡ್ ಬರೆದು ಕರ್ನಲ್‌ಗೆ ಸೇರಿಸುತ್ತಿದ್ದವು. ಹಳೆಯದನ್ನು ನಕಲು ಮಾಡಿ ಅಲ್ಪಸ್ವಲ್ಪ ತಿದ್ದುವುದು ಕಂಪನಿಗೆ ಅಗ್ಗ. ಆ ರಾಶಿಯನ್ನು ವರ್ಷಾನುಗಟ್ಟಲೆ ಹೊರಬೇಕಾದವರು ಮಾತ್ರ ಬೇರೆಯವರು. ಲಾಭ ಖಾಸಗಿ, ವೆಚ್ಚ ಸಾರ್ವಜನಿಕ. ಗೋಮಾಳ ಬರಿದಾಗುವುದೂ ಹೀಗೆಯೇ. 2011ರಲ್ಲಿ ಟೋರ್ವಾಲ್ಡ್ಸ್ ಇದರ ವಿರುದ್ಧ ಬಹಿರಂಗವಾಗಿಯೇ ಸಿಡಿದೆದ್ದರು. ಆ ಬಳಿಕ, ಪವರ್‌ಪಿಸಿ ಯಂತ್ರಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ‘ಡಿವೈಸ್ ಟ್ರೀ’ ಪದ್ಧತಿ ಇಲ್ಲಿಯೂ ನೆಲೆಗೊಂಡಿತು. ಬೋರ್ಡಿನಲ್ಲಿ ಏನಿದೆ, ಎಲ್ಲಿದೆ ಎಂಬ ವಿವರ ಕೋಡ್‌ನಿಂದ ಹೊರಬಂದು ಪ್ರತ್ಯೇಕ ವಿವರಪಟ್ಟಿಯಾಯಿತು. ಒಂದೇ ಡ್ರೈವರ್ ಹಲವು ಬೋರ್ಡುಗಳಿಗೆ ಸಾಲುವಂತಾಯಿತು.

ಆದರೆ ಸರಳೀಕರಣವನ್ನು ಸರ್ವರೋಗ ನಿವಾರಕವೆಂದು ಭಾವಿಸಲಾಗದು. ತಾನೇ ತಾನಾಗಿ ಮರಳಿಸುವ ವ್ಯವಸ್ಥೆಗೂ ಒಂದು ಮಿತಿಯಿದೆ. ಬಳಕೆದಾರನ ತಂತ್ರಾಂಶವೊಂದು ಸಾಧನವನ್ನು ಇನ್ನೂ ತೆರೆದಿಟ್ಟುಕೊಂಡಿರುವಾಗಲೇ ಆ ಸಾಧನವನ್ನು ಕಿತ್ತರೆ, ಕರ್ನಲ್ ಸ್ಮೃತಿಯನ್ನು ಬಿಡುಗಡೆ ಮಾಡಿಬಿಡಬಹುದು. ಬಿಟ್ಟುಕೊಟ್ಟ ಜಾಗವನ್ನೇ ಡ್ರೈವರ್ ಮತ್ತೆ ಮುಟ್ಟಿ ಅನಾಹುತವಾಗಬಹುದು. ಯಾವುದು ಎಷ್ಟು ಕಾಲ ಬದುಕಿರಬೇಕು ಎಂಬ ವಿವೇಚನೆ ಬರೆಯುವವನದೇ. ಆಡಳಿತದಲ್ಲಿಯೂ ಏಕಗವಾಕ್ಷಿ ತೆರೆದ ಮಾತ್ರಕ್ಕೆ ಅಧಿಕಾರಿಯ ಹೊಣೆ ತೀರುವುದಿಲ್ಲ.

ಚಿಪ್ ವಿನ್ಯಾಸ ಮತ್ತು ಡ್ರೈವರ್ ರಚನೆಯಲ್ಲಿ ತೊಡಗಿರುವ ಸಾವಿರಾರು ಎಂಜಿನಿಯರುಗಳು ಬೆಂಗಳೂರಿನಲ್ಲಿದ್ದಾರೆ. ಹೊಸದನ್ನು ಸೇರಿಸಿದವರ ಸಾಧನೆ ಎದ್ದು ಕಾಣುತ್ತದೆ. ನೂರು ಸಾಲನ್ನು ಅಳಿಸಿ ಅದೇ ಕೆಲಸವನ್ನು ಹತ್ತು ಸಾಲಿನಲ್ಲಿ ಮಾಡಿದವನ ಶ್ರಮ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನನ್ನ ಸೇವಾವಧಿಯಲ್ಲಿ ನಾನೂ ಹಳೆಯ ಸುತ್ತೋಲೆಗಳ ಮೇಲೆ ಹೊಸ ಸುತ್ತೋಲೆಗಳನ್ನು ಹೊರಡಿಸಿದವನೇ. ಒಂದನ್ನಾದರೂ ರದ್ದುಪಡಿಸಿದ ನೆನಪಿಲ್ಲ. ಕಂಪನಿಗಳ ವಾರ್ಷಿಕ ಮೌಲ್ಯಮಾಪನದಲ್ಲಾಗಲಿ ಸರ್ಕಾರದ ಗೋಪ್ಯ ವರದಿಯಲ್ಲಾಗಲಿ ‘ಈ ವರ್ಷ ಏನನ್ನು ಕಳೆದಿರಿ?’ ಎಂಬ ಪ್ರಶ್ನೆಗೂ ಒಂದು ಅಂಕಣವಿರಲಿ. ಬೇಬಾಕಿ ಪತ್ರಕ್ಕಾಗಿ ಅಲೆಯುವ ಮುಂದಿನವನಿಗಾದರೂ ಅದರಿಂದ ಉಪಕಾರವಾದೀತು.