ತರಗತಿಯಲ್ಲಿ ವಿದ್ಯಾರ್ಥಿ ಸಮೀಕ್ಷೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಹಿನ್ನೆಲೆಯಲ್ಲಿ

ಪಾಠ ಮುಗಿದೊಡನೆ ಶಿಕ್ಷಕರು ‘ತಿಳೀತೇನು?’ ಎಂದು ಕೇಳುವುದೂ ಮಕ್ಕಳೆಲ್ಲ ಒಂದೇ ಕೊರಳಿನಲ್ಲಿ ‘ತಿಳೀತ್ರಿ ಸರ್’ ಎನ್ನುವುದೂ ರಾಯಚೂರು ಸೀಮೆಯ ಶಾಲೆಗಳಲ್ಲಿ ರೂಢಿಯ ಸಂಗತಿ. ಅದು ಗೌರವದ ಮಾತೇ ಹೊರತು ಕಲಿಕೆಯ ಸಾಕ್ಷ್ಯವಲ್ಲ. ಆ ಉತ್ತರದ ಮರೆಯಲ್ಲಿ ಉಳಿದದ್ದನ್ನು ಹೊರತರುವ ಸರಳ ಸಾಧನವೇ ವಿದ್ಯಾರ್ಥಿ ಸಮೀಕ್ಷೆ.

ಮೌಲ್ಯಮಾಪನವನ್ನು ರೂಪಣಾತ್ಮಕ, ಸಂಕಲನಾತ್ಮಕ ಎಂದು 1967ರಲ್ಲಿ ವಿಂಗಡಿಸಿದವರು ಮೈಕೇಲ್ ಸ್ಕ್ರಿವೆನ್. ದೊರೆತ ಮಾಹಿತಿಯಿಂದ ಬೋಧನೆ ಬದಲಾದರೆ ಮಾತ್ರ ಅದು ರೂಪಣಾತ್ಮಕವೆಂಬುದನ್ನು 1998ರಲ್ಲಿ ಪಾಲ್ ಬ್ಲ್ಯಾಕ್ ಹಾಗೂ ಡಿಲನ್ ವಿಲಿಯಂ ಒತ್ತಿಹೇಳಿದರು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನದ ಜೊತೆಗೆ, ಮಗು ಭಯವಿಲ್ಲದೆ ತನ್ನ ಅಭಿಪ್ರಾಯವನ್ನು ಹೇಳಬೇಕೆಂಬುದನ್ನೂ ಸೇರಿಸಿದೆ. ಆದರೆ ನಮ್ಮಲ್ಲಿ ವರ್ಷದ ನಾಲ್ಕು ರೂಪಣಾತ್ಮಕ ಪರೀಕ್ಷೆಗಳು ಅಂಕವಹಿಯ ಕಲಮುಗಳಾಗಿಬಿಟ್ಟವು. ಅಂಕವಿರುವಲ್ಲಿ ಮಗು ತಿಳಿಯದುದನ್ನು ಮುಚ್ಚಿಡುತ್ತದೆ. ಆದುದರಿಂದ ಸಮೀಕ್ಷೆಗೆ ಅಂಕ ಕೂಡದು. ಚೀಟಿಯ ಮೇಲೆ ಹೆಸರೂ ಬೇಡ.

ಪ್ರಶ್ನೆಯ ಸ್ವರೂಪವನ್ನು ಮಸ್ಕಿಯ ಉದಾಹರಣೆಯಿಂದಲೇ ನೋಡಬಹುದು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಗುರುತಿಸಿದ ಇಲ್ಲಿನ ಬಂಡೆಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇದೆ. ‘ಪಾಠ ಇಷ್ಟವಾಯಿತೇ?’ ಎಂದರೆ ಹೌದೆಂಬ ಉತ್ತರವಷ್ಟೇ ಬರುತ್ತದೆ. ‘ಈ ಬಂಡೆ ಸಿಗದಿದ್ದರೆ ನಮಗೆ ಯಾವುದು ಸ್ಪಷ್ಟವಾಗುತ್ತಿರಲಿಲ್ಲ? ಪಾಠದ ಯಾವ ಮಾತು ಇನ್ನೂ ಗೊಂದಲ?’ ಎಂದು ಕೇಳಿದಲ್ಲಿ, ಬಿರುದನ್ನೂ ಹೆಸರನ್ನೂ ಬೇರೆ ಬೇರೆ ಅರಸರದೆಂದು ತಿಳಿದ ಮಗು ಸಿಕ್ಕಿಬೀಳುತ್ತದೆ. ಸಿಕ್ಕಿಬೀಳುವುದೇ ಇಲ್ಲಿ ಅಪೇಕ್ಷಿತ.

ಈ ಸೀಮೆಯ ನಿಜವಾದ ತೊಡಕು ಭಾಷೆಯದು. ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳೂ, ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಬಂದ ತೆಲುಗು ರೈತರ ಕ್ಯಾಂಪುಗಳೂ ಇವೆ. ಲಿಂಗಸುಗೂರು ಭಾಗದಲ್ಲಿ ಲಂಬಾಣಿ ತಾಂಡಾಗಳು. ಗ್ರಾಂಥಿಕ ಕನ್ನಡದಲ್ಲಿ ಅಚ್ಚಾದ ಪ್ರಶ್ನಾವಳಿ ಇಂತಹ ತರಗತಿಯಲ್ಲಿ ಪಾಠದ ತಿಳಿವನ್ನಲ್ಲ, ಪ್ರಶ್ನೆಯ ಕನ್ನಡವನ್ನು ಅಳೆಯುತ್ತದೆ. (ಕನ್ನಡವೇ ಮನೆಮಾತಾದ ಮಕ್ಕಳಿಗೂ ‘ಅಭಿಪ್ರಾಯಿಸಿ’ ಎಂಬ ಪದ ಪರಭಾಷೆಯೇ.) ಶಿಕ್ಷಕರು ಆಡುಮಾತಿನಲ್ಲಿ ಕೇಳಿ, ಚಿತ್ರದಲ್ಲೋ ಮನೆಮಾತಿನಲ್ಲೋ ಉತ್ತರಿಸಲು ಬಿಡುವುದು ಲೇಸು, ತಮಗೆ ಬಾರದ ಭಾಷೆಯ ಚೀಟಿಯನ್ನು ಹಿರಿಯ ತರಗತಿಯ ವಿದ್ಯಾರ್ಥಿಯಿಂದ ಓದಿಸಿಕೊಳ್ಳಬಹುದು.

ಎರಡು ಪ್ರಶ್ನೆ, ಐದು ನಿಮಿಷ ಸಾಕು. ಚೀಟಿಗಳನ್ನು ತಿಳಿದದ್ದು, ಅರೆ ತಿಳಿದದ್ದು, ತಪ್ಪು ತಿಳಿದದ್ದು ಎಂದು ಮೂರು ಗುಂಪು ಮಾಡಿ, ಮರುದಿನದ ಪಾಠವನ್ನು ಮೂರನೆಯ ಗುಂಪಿನಿಂದ ಆರಂಭಿಸಬೇಕು. ಹೀಗೆ ಆರಂಭಿಸಿದ್ದು ಏಕೆಂಬುದನ್ನು ಮಕ್ಕಳಿಗೆ ಹೇಳಲೂಬೇಕು. ಹೇಳದಿದ್ದಲ್ಲಿ ಮುಂದಿನ ವಾರದ ಚೀಟಿಗಳಲ್ಲಿ ಮತ್ತೆ ‘ತಿಳೀತ್ರಿ’ ಎಂದಷ್ಟೇ ಇರುತ್ತದೆ.