‘ಸಿಗಲಿಲ್ಲ’ ಮತ್ತು ‘ಇಲ್ಲ’: ದಾಖಲೆ ಹುಡುಕುವ ಉಪಕರಣಕ್ಕೆ ವಿವರಣೆ ಬರೆಯುವ ಕ್ರಮ

ಪತ್ರಾಗಾರಕ್ಕೆ ಹೋಗುವ ಸಂಶೋಧಕರಿಗೆ ಸೂಚಿಪಟ್ಟಿ ನೆರವಾಗದಿದ್ದಾಗ ಅಲ್ಲಿನ ಅನುಭವಿ ಸಿಬ್ಬಂದಿಯ ನೆನಪು ನೆರವಾಗುವುದುಂಟು. ‘1956ಕ್ಕೆ ಹಿಂದಿನದಾದರೆ ದಕ್ಷಿಣ ಕನ್ನಡದ ಕಟ್ಟಿನಲ್ಲಿ ನೋಡಿ’ ಎಂಬ ಒಂದು ಮಾತಿನಿಂದ ಹಲವು ದಿನಗಳ ಅಲೆದಾಟ ತಪ್ಪುತ್ತದೆ. ಈಗ ದಾಖಲೆ ಹುಡುಕುವ ಕೆಲಸವನ್ನು ಎಐ ಏಜೆಂಟ್‌ಗಳಿಗೆ ವಹಿಸುವ ರೂಢಿ ಬೆಳೆಯುತ್ತಿದೆ. ಏಜೆಂಟ್‌ನ ಮುಂದಿರುವುದು ಒಂದು ಹುಡುಕು ಉಪಕರಣ ಮತ್ತು ಅದಕ್ಕೆ ಲಗತ್ತಿಸಿದ ಕೆಲವು ಸಾಲುಗಳ ವಿವರಣೆ ಮಾತ್ರ. ಸಿಬ್ಬಂದಿಯ ನೆನಪಿನಲ್ಲಿದ್ದುದು ಆ ಸಾಲುಗಳಲ್ಲಿ ಇಲ್ಲದಿದ್ದರೆ ಅದು ಏಜೆಂಟ್‌ಗೆ ತಿಳಿಯುವ ಬಗೆಯಿಲ್ಲ.

ಏಜೆಂಟ್ ಎಂದರೆ, ಭಾಷಾ ಮಾದರಿಯೊಂದು ಹೊರಗಿನ ಉಪಕರಣಗಳನ್ನು ಬಳಸಿ, ಬಂದ ಫಲಿತಾಂಶವನ್ನು ಓದಿ, ಮುಂದಿನ ಹೆಜ್ಜೆಯನ್ನು ತಾನೇ ನಿರ್ಧರಿಸುವ ವ್ಯವಸ್ಥೆ. ಆಂತ್ರೋಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಇಂತಹ ಜೋಡಣೆಗೆ ರೂಪಿಸಿದ ಒಂದು ಮುಕ್ತ ಮಾನದಂಡ. ಅದರಲ್ಲಿ ಪ್ರತಿ ಉಪಕರಣವು ಮುಖ್ಯವಾಗಿ ಮೂರು ಅಂಶಗಳಿಂದ ಮಾದರಿಗೆ ಪರಿಚಯವಾಗುತ್ತದೆ: ಹೆಸರು, ಸಹಜ ಭಾಷೆಯಲ್ಲಿ ಬರೆದ ವಿವರಣೆ, ತುಂಬಬೇಕಾದ ಅಂಕಣಗಳ ನಮೂನೆ. ಒಳಗಿನ ಪ್ರೋಗ್ರಾಂ ಮಾದರಿಗೆ ಕಾಣುವುದಿಲ್ಲ. ಯಾವ ಉಪಕರಣವನ್ನು ಬಳಸಬೇಕು, ಯಾವ ಪದವನ್ನು ಹಾಕಿ ಹುಡುಕಬೇಕು, ಬಂದ ಫಲಿತಾಂಶವನ್ನು ಹೇಗೆ ಅರ್ಥೈಸಬೇಕು ಎಂಬುದೆಲ್ಲ ಬಹುಮಟ್ಟಿಗೆ ಈ ಬರಹವನ್ನು ಅವಲಂಬಿಸಿರುತ್ತದೆ.

ಗಡಿನಾಡಿನ ದಾಖಲೆಗಳ ವಿಷಯದಲ್ಲಿ ಇದರ ಪರಿಣಾಮ ಗಂಭೀರವಾದುದು. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅನಂತರ ಕೇರಳದ ಕಣ್ಣೂರು ಜಿಲ್ಲೆಗೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿನ ಕನ್ನಡ ಶಾಲೆಗಳ ಬಗ್ಗೆ ಕೇಳಿದಾಗ ಏಜೆಂಟ್ ರಾಜ್ಯದ ಅಂಕಣದಲ್ಲಿ ‘ಕೇರಳ’ ಎಂದು ತುಂಬಿದರೆ, ಮದರಾಸು ಕಾಲದ ಕಡತವೊಂದೂ ಎದುರಿಗೆ ಬರುವುದಿಲ್ಲ. 1953ರ ಅಕ್ಟೋಬರ್ 1ಕ್ಕೆ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ರಾಯದುರ್ಗಗಳ ಕಡತಗಳನ್ನು ‘ಆಂಧ್ರಪ್ರದೇಶ’ ಎಂದು ಹುಡುಕಿದರೂ ಇದೇ ಗತಿ.

ಭಾಷೆ ಮತ್ತು ಲಿಪಿಗಳಿಂದ ಬರುವ ತೊಡಕುಗಳು ಬೇರೆ. ಆದವಾನಿಯು ಆದೋನಿ ಎಂದೂ, ಸೊಲ್ಲಾಪುರವು ಸೋಲಾಪುರ ಎಂದೂ ದಾಖಲಾಗಿರುತ್ತದೆ. ಕನ್ನಡದಲ್ಲಿ ವಿಭಕ್ತಿಪ್ರತ್ಯಯವು ಪದದೊಡನೆ ಬೆಸೆದುಕೊಳ್ಳುವುದರಿಂದ, ಪದವನ್ನು ಇದ್ದಂತೆಯೇ ಹೋಲಿಸುವ ಉಪಕರಣಕ್ಕೆ ‘ಕಾಸರಗೋಡು’ ಮತ್ತು ‘ಕಾಸರಗೋಡಿನಲ್ಲಿ’ ಎರಡು ಬೇರೆ ಪದಗಳು. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರ್‌ನಲ್ಲಿ ಉಳಿದಿರುವುದು ರೋಮನ್ ಅಕ್ಷರಗಳ ಸಂಕೇತಗಳು; ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅವು ಸಿಗುವುದಿಲ್ಲ.

‘ಸಂಗ್ರಹದಲ್ಲಿರುವ ದಾಖಲೆಗಳನ್ನು ಹುಡುಕುತ್ತದೆ’ ಎಂಬ ಒಂದು ಸಾಲಿನ ವಿವರಣೆ ಇವುಗಳಲ್ಲಿ ಯಾವುದನ್ನೂ ತಿಳಿಸುವುದಿಲ್ಲ. ಉಪಯುಕ್ತ ವಿವರಣೆ ಹೀಗಿರಬಹುದು: ‘ಈ ಉಪಕರಣವು ಸಂಗ್ರಹದ ಕನ್ನಡ, ಮಲಯಾಳ ಮತ್ತು ಇಂಗ್ಲಿಷ್ ದಾಖಲೆಗಳನ್ನು ಪದಹೋಲಿಕೆಯಿಂದ ಹುಡುಕುತ್ತದೆ. ಜಿಲ್ಲೆ, ರಾಜ್ಯಗಳನ್ನು ದಾಖಲೆ ಹುಟ್ಟಿದ ಕಾಲದ ಆಡಳಿತದಂತೆ ನಮೂದಿಸಲಾಗಿದೆ. 1956ಕ್ಕೆ ಹಿಂದಿನ ಕಾಸರಗೋಡಿಗೆ ಮದರಾಸು, ದಕ್ಷಿಣ ಕನ್ನಡ ಎಂದು ತುಂಬಬೇಕು. ಊರಿನ ಹೆಸರನ್ನು ಪ್ರತಿ ಭಾಷೆಯ ರೂಪದಲ್ಲೂ ಬೇರೆಬೇರೆಯಾಗಿ ಹುಡುಕಬೇಕು. ಕೈಬರಹದ ಪುಟಗಳ ಪಠ್ಯ ಇಲ್ಲಿಲ್ಲ. ಅವುಗಳ ಶೀರ್ಷಿಕೆ ಮಾತ್ರ ಇದೆ. ಫಲಿತಾಂಶ ಬರದಿದ್ದರೆ ದಾಖಲೆಯೇ ಇಲ್ಲವೆಂದು ತಿಳಿಯಬಾರದು. ಹುಡುಕಿದ ಪದಗಳನ್ನೂ ಹುಡುಕದೆ ಉಳಿದ ಭಾಗವನ್ನೂ ಉತ್ತರದಲ್ಲಿ ಹೇಳಬೇಕು.’

ಇದರಲ್ಲಿ ಕೊನೆಯ ವಾಕ್ಯ ಅತಿ ಮುಖ್ಯವಾದುದು. ಬರಿದಾದ ಫಲಿತಾಂಶಕ್ಕೆ ಹಲವು ಕಾರಣಗಳಿರಬಹುದು: ದಾಖಲೆ ಇಲ್ಲದಿರುವುದು, ಸಂಗ್ರಹಕ್ಕೆ ಸೇರದಿರುವುದು, ಸೇರಿಯೂ ಪಠ್ಯವಾಗದಿರುವುದು, ಹುಡುಕಿದ ಪದ ಹೊಂದದಿರುವುದು. ಉಪಕರಣವು ಇವನ್ನೆಲ್ಲ ಒಂದೇ ಸೊನ್ನೆಯಾಗಿ ಹಿಂದಿರುಗಿಸಿದರೆ, ಏಜೆಂಟ್ ಅದನ್ನು ‘ದಾಖಲೆಗಳಿಲ್ಲ’ ಎಂಬ ನಿರರ್ಗಳ ವಾಕ್ಯವಾಗಿಸುವ ಅಪಾಯವಿದೆ.

ವಿವರಣೆ ದೀರ್ಘವಾದಷ್ಟೂ ಒಳ್ಳೆಯದೆಂದು ಭಾವಿಸಬೇಕಿಲ್ಲ. ಮಾದರಿಯು ಒಮ್ಮೆಗೆ ಗಮನಿಸಬಲ್ಲ ಪಠ್ಯಕ್ಕೆ ಮಿತಿಯಿದೆ. ಉಪಕರಣದ ವಿವರಣೆಯೂ ಅದರಲ್ಲಿ ಪಾಲು ಪಡೆಯುತ್ತದೆ. ನಿರ್ಧಾರಕ್ಕೆ ಬೇಕಾದಷ್ಟನ್ನು ಅಲ್ಲಿ ಬರೆದು, ಸ್ಥಳನಾಮಗಳ ಪೂರ್ಣ ಪಟ್ಟಿಯನ್ನು ಬೇಕಾದಾಗ ತೆರೆಯುವ ಪ್ರತ್ಯೇಕ ಕೈಪಿಡಿಯಲ್ಲಿ ಇಡುವುದು ಲೇಸು. ಬರೆದುದನ್ನು ಪರೀಕ್ಷಿಸುವ ಬಗೆಯೂ ಸರಳ: ಸಂಗ್ರಹದಲ್ಲಿ ಖಚಿತವಾಗಿ ಇರುವ ಕೆಲವು ದಾಖಲೆಗಳನ್ನು ಆರಿಸಿ, ಅವು ಸಿಗುವಂತಹ ಪ್ರಶ್ನೆಗಳನ್ನು ಎರಡೂ ಭಾಷೆಗಳಲ್ಲಿ ಕೇಳಿ, ಸಿಗದ ಕಡೆ ವಿವರಣೆಯನ್ನೋ ಉಪಕರಣವನ್ನೋ ತಿದ್ದುವುದು. ಇಲ್ಲದ ದಾಖಲೆಯ ಬಗ್ಗೆಯೂ ಒಂದೆರಡು ಪ್ರಶ್ನೆಗಳಿರಬೇಕು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಮರ್ಪಕ ಸೌಲಭ್ಯ ಒದಗಿಸಲು ಯತ್ನಿಸಬೇಕೆನ್ನುತ್ತದೆ. ಅಂತಹ ಸೌಲಭ್ಯವನ್ನು ಕೇಳುವ ಸಮುದಾಯಕ್ಕೆ ಹಳೆಯ ಶಾಲಾ ದಾಖಲೆಯೇ ಸಾಕ್ಷಿಯಾಗುವ ಸಂದರ್ಭಗಳಿವೆ. ಕಪಾಟಿನಲ್ಲಿ ಭದ್ರವಾಗಿರುವ ಕಡತ ಯಂತ್ರದ ಉತ್ತರದಲ್ಲಿ ಇಲ್ಲವಾದರೆ ಆ ಸಾಕ್ಷಿ ಅಷ್ಟರಮಟ್ಟಿಗೆ ಕಳೆದುಹೋದಂತೆಯೇ. ಊರು ಯಾವಾಗ ಯಾವ ಜಿಲ್ಲೆಯಲ್ಲಿತ್ತು, ಯಾವ ಲಿಪಿಯಲ್ಲಿ ಯಾವ ಹೆಸರು ಪಡೆದಿತ್ತು ಎಂಬುದು ಗಡಿಯ ಎರಡೂ ಭಾಷೆಗಳನ್ನು ಬಲ್ಲವರಿಗೆ ಗೊತ್ತು. ಉಪಕರಣದ ವಿವರಣೆಯನ್ನು ಬರೆಯುವಾಗ ತಂತ್ರಜ್ಞರ ಪಕ್ಕದಲ್ಲಿ ಅವರೂ ಕುಳಿತಿರಬೇಕು.